ಕಾಸರಗೋಡಿನಲ್ಲಿ ಜಾಗದ ವ್ಯವಹಾರ: ಕಡಿಮೆ ಖರ್ಚಿನ ಪ್ರಚಾರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಜಾಗ, ಮನೆ, ತೋಟ ಕೊಡಿಸುವ ಕೆಲಸಕ್ಕೆ ಹೊಸದಾಗಿ ಇಳಿದವರು ಕೇಳುವ ಪ್ರಶ್ನೆಗಳಿವು. ಇಲ್ಲಿ ಇಂಟರ್ನೆಟ್ ಪ್ರಚಾರದ ಮಾತಿಲ್ಲ. ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಕಾಲಲ್ಲಿ ನಡೆದು, ಬಾಯಲ್ಲಿ ಮಾತಾಡಿ, ಕಡಿಮೆ ದುಡ್ಡಿನಲ್ಲಿ ಆಗುವ ಕೆಲಸ ಮಾತ್ರ ಹೇಳುತ್ತೇನೆ.

ವಾಟ್ಸಾಪ್, ಫೇಸ್‌ಬುಕ್ ಎಲ್ಲ ಇರುವಾಗ ಬೋರ್ಡು, ನೋಟೀಸು ಅಂತ ಯಾಕೆ ಓಡಾಡಬೇಕು?

ಜಾಗ ಕೊಳ್ಳುವವರು ಮೊಬೈಲಿನಲ್ಲಿ ಹುಡುಕುತ್ತಾರೆ, ಸರಿ. ಮಾರುವವರು? ಪೈವಳಿಕೆಯಲ್ಲೋ ಬಾಯಾರಿನಲ್ಲೋ ಎರಡು ಎಕರೆ ತೋಟ ಇಟ್ಟುಕೊಂಡು, ಮಕ್ಕಳೆಲ್ಲ ಬೆಂಗಳೂರು ಸೇರಿ, ಅಡಿಕೆ ಕೊಯ್ಯಿಸಲು ಆಳು ಸಿಗದೆ ಸಾಕಾಗಿ ಮಾರಲು ಹೊರಟ ಹಿರಿಯರು ಯಾವ ಆ್ಯಪ್‌ನಲ್ಲೂ ನಿಮ್ಮನ್ನು ಹುಡುಕುವುದಿಲ್ಲ. ಪೇಟೆಯ ಅಂಗಡಿಯವರನ್ನು ಕೇಳುತ್ತಾರೆ, ಸೊಸೈಟಿಯಲ್ಲಿ ಸಿಕ್ಕಿದವರನ್ನು ಕೇಳುತ್ತಾರೆ. "ಜಾಗ ಮಾರಿಸಿಕೊಡುವ ನಂಬಿಕೆಯ ಜನ ಯಾರಾದ್ರೂ ಇದ್ದಾರಾ?" ಆಗ ನಿಮ್ಮ ಹೆಸರು ಬರಬೇಕು. ಅಷ್ಟೇ ವಿಷಯ.

ಹೊಸಬರು ಜಾಹೀರಾತು ಅಂದ ಕೂಡಲೇ ಕೊಳ್ಳುವವರನ್ನು ಮಾತ್ರ ಯೋಚಿಸುತ್ತಾರೆ. ಕೈಯಲ್ಲಿ ಒಳ್ಳೆಯ ಜಾಗ ಇದ್ದರೆ ಕೊಳ್ಳುವವರು ಹೇಗೂ ಬರುತ್ತಾರೆ. ಮಾರುವ ಜಾಗವೇ ಇಲ್ಲದಿದ್ದರೆ ಪೋಸ್ಟ್ ಹಾಕಿ ಏನು ಪ್ರಯೋಜನ? ಕೆಳಗೆ ಹೇಳುವ ಹೆಚ್ಚಿನ ಉಪಾಯಗಳೆಲ್ಲ ಮಾರುವವರ ಕಿವಿಗೆ ನಿಮ್ಮ ಹೆಸರು ಬೀಳುವುದಕ್ಕೆ.

ಸ್ವಲ್ಪವೇ ದುಡ್ಡಿದೆ. ಮೊದಲ ಖರ್ಚು ಯಾವುದಕ್ಕೆ?

ಜಾಗದಲ್ಲೇ ನಿಲ್ಲಿಸುವ ತಗಡಿನ ಬೋರ್ಡಿಗೆ. ಎರಡು ಕಂಬ, ಒಂದು ತಗಡು, ಎನಾಮೆಲ್ ಪೇಂಟ್, ಊರಿನ ಆರ್ಟಿಸ್ಟ್ ಒಬ್ಬರ ಕೈ. ಜಾಗ ಮಾರಾಟ ಆದ ಮೇಲೆ ಅದೇ ತಗಡಿಗೆ ಬಣ್ಣ ಹೊಡೆದು ಇನ್ನೊಂದು ಕಡೆ ನಿಲ್ಲಿಸಬಹುದು. ನಾಲ್ಕೈದು ಬೋರ್ಡು ಮಾಡಿಸಿಟ್ಟರೆ ವರ್ಷಗಟ್ಟಲೆ ನಡೆಯುತ್ತದೆ.

ಕಾಗದದ ಪೋಸ್ಟರ್ ಬೇಡ. ನಮ್ಮಲ್ಲಿ ಜೂನ್ ಬಂದ ಮೇಲೆ ಕಾಗದ ಒಂದು ವಾರವೂ ಗೋಡೆಯಲ್ಲಿ ನಿಲ್ಲುವುದಿಲ್ಲ.

ಬೋರ್ಡಿನಲ್ಲಿ ಏನೇನು ಬರೆಯಿಸಬೇಕು?

ಎಷ್ಟು ಸೆಂಟ್ಸ್, ನೀರಿನ ವ್ಯವಸ್ಥೆ ಏನು, ಫೋನ್ ನಂಬರ್. ಇಷ್ಟೇ. ಬೈಕಿನಲ್ಲಿ ಹೋಗುವವರು ಓದಬೇಕಾದ ವಿಷಯ ಇದು. ಹತ್ತು ಸಾಲು ಬರೆಯಿಸಿದರೆ ನಂಬರ್ ಸಣ್ಣದಾಗುತ್ತದೆ, ನಂಬರ್ ಸಣ್ಣದಾದರೆ ಬೋರ್ಡೇ ದಂಡ. ಎಲ್ಲ ಬೋರ್ಡಿಗೂ ಒಂದೇ ನಂಬರ್ ಇರಲಿ, ಆ ನಂಬರನ್ನು ಯಾವತ್ತೂ ಬದಲಿಸಬೇಡಿ. ಬೋರ್ಡಿನ ಬಣ್ಣವೂ ಒಂದೇ ಇರಲಿ. ಹಳದಿ ತಗಡು, ಕಪ್ಪು ಅಕ್ಷರ ಅಂತ ನಿರ್ಧರಿಸಿದರೆ ಕುಂಬಳೆಯಲ್ಲೂ ಅದೇ, ಪೆರ್ಲದಲ್ಲೂ ಅದೇ. ಸ್ವಲ್ಪ ಸಮಯದ ಮೇಲೆ ಜನ ಓದದೆಯೇ ಯಾರ ಬೋರ್ಡು ಅಂತ ಹೇಳುತ್ತಾರೆ.

ನೀರಿನ ವಿಷಯ ಖಂಡಿತ ಬರೆಯಿರಿ. ನಮ್ಮ ಗುಡ್ಡೆ ಪ್ರದೇಶದಲ್ಲಿ ಜಾಗ ನೋಡಲು ಬಂದವರು ಮೊದಲು ಕೇಳುವುದೇ ಅದು. ಬಾವಿ ಇದ್ದರೆ ಬಾವಿ, ಬೋರ್‌ವೆಲ್ ಇದ್ದರೆ ಬೋರ್‌ವೆಲ್. ಸುರಂಗ ಇದ್ದರಂತೂ ದೊಡ್ಡದಾಗಿಯೇ ಬರೆಯಿರಿ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ಪಂಪ್ ಇಲ್ಲದೆ ನೀರು ಹರಿದು ಬರುವ ಜಾಗ ಅಂದರೆ ತೋಟ ಮಾಡುವವರಿಗೆ ಕರೆಂಟ್ ಬಿಲ್ ಉಳಿಯಿತು. ಹೊರಗಿನಿಂದ ಬಂದವರಿಗೆ ಅದರ ಬೆಲೆ ಗೊತ್ತಿರುವುದಿಲ್ಲ, ನೀವೇ ಕರೆದುಕೊಂಡು ಹೋಗಿ ತೋರಿಸಬೇಕು. ಬೇಸಿಗೆಯಲ್ಲೂ ನೀರಿರುತ್ತದಾ ಅಂತ ಮಾತ್ರ ಜಾಗದ ಧನಿಗಳನ್ನು (ಮಾಲಕರನ್ನು) ಮೊದಲೇ ಕೇಳಿಟ್ಟುಕೊಳ್ಳಿ.

ಬೋರ್ಡಿನಲ್ಲಿ ಬೆಲೆ ಹಾಕಬಹುದಾ?

ನಾನು ಹಾಕುವುದಿಲ್ಲ. ಮಾರುವವರಿಗೆ ನೆಂಟರಿಷ್ಟರ ಮಧ್ಯೆ ಮುಜುಗರ ಆಗುತ್ತದೆ. ಪಕ್ಕದ ಜಾಗದವರು ಮರುದಿನವೇ ತಮ್ಮ ಜಾಗಕ್ಕೂ ಅದೇ ರೇಟು ಹೇಳಲು ಶುರು ಮಾಡುತ್ತಾರೆ. ಫೋನ್ ಮಾಡಿದವರಿಗೆ ಸುತ್ತಿ ಬಳಸದೆ ಹೇಳಿಬಿಡಿ, ಸಾಕು.

ಫ್ಲೆಕ್ಸ್ ಅಗ್ಗ ಅಲ್ವಾ? ಪೇಟೆಯಲ್ಲಿ ನಾಲ್ಕು ಕಡೆ ಕಟ್ಟಿದರೆ ಆಯಿತಲ್ಲ?

ಅಗ್ಗ ಹೌದು, ಆದರೆ ಕೇರಳದಲ್ಲಿ ಪಿವಿಸಿ ಫ್ಲೆಕ್ಸ್‌ಗೆ 2019ರಿಂದಲೇ ನಿಷೇಧ ಇದೆ. ಬಟ್ಟೆಯಲ್ಲೋ ಮರುಬಳಕೆ ಮಾಡಬಹುದಾದ ಪಾಲಿಎಥಿಲೀನ್‌ನಲ್ಲೋ ಪ್ರಿಂಟ್ ಮಾಡಿಸಬೇಕು. ಪ್ರಿಂಟಿಂಗ್‌ನವರಲ್ಲಿ ಕೇಳಿದರೆ ಯಾವುದು ನಡೆಯುತ್ತದೆ ಅಂತ ಹೇಳುತ್ತಾರೆ.

ಅದಕ್ಕಿಂತ ದೊಡ್ಡ ತಲೆನೋವು ರಸ್ತೆ ಬದಿಯದ್ದು. ಅನುಮತಿ ಇಲ್ಲದೆ ರಸ್ತೆ ಬದಿಯಲ್ಲಿ ನಿಲ್ಲಿಸಿದ ಬೋರ್ಡು, ಬ್ಯಾನರುಗಳ ವಿಷಯದಲ್ಲಿ ಕೇರಳ ಹೈಕೋರ್ಟ್ ತುಂಬ ಬಿಗಿಯಾಗಿದೆ. ಒಂದೊಂದು ಬೋರ್ಡಿಗೆ 5,000 ರೂಪಾಯಿ ದಂಡ, ತೆಗೆಸದಿದ್ದರೆ ಪಂಚಾಯತ್ ಸೆಕ್ರೆಟರಿಯವರ ತಲೆಗೇ ಬರುತ್ತದೆ. ಹಾಗಾಗಿ ಅವರೂ ಸುಮ್ನೆ ಬಿಡುವುದಿಲ್ಲ. ಬೋರ್ಡಿನಲ್ಲಿ ನಿಮ್ಮ ಫೋನ್ ನಂಬರ್ ಬೇರೆ ಇರುತ್ತದೆ, ಹುಡುಕುವ ಕೆಲಸವೂ ಇಲ್ಲ! ಕರೆಂಟ್ ಕಂಬಕ್ಕೆ ಕಟ್ಟುವುದು, ಮರಕ್ಕೆ ಮೊಳೆ ಹೊಡೆಯುವುದು ಎರಡೂ ಬೇಡ. ತಲಪಾಡಿಯಿಂದ ಈಚೆಗೆ ಹೆದ್ದಾರಿ 66 ಆರು ಪಥ ಆದ ಮೇಲೆ ಹೆದ್ದಾರಿ ಜಾಗದಲ್ಲಿ ಬೋರ್ಡು ನಿಲ್ಲಿಸುವ ಆಸೆಯನ್ನೂ ಬಿಟ್ಟುಬಿಡಿ. ಅಷ್ಟು ಸ್ಪೀಡಿನಲ್ಲಿ ಹೋಗುವವರಿಗೆ ಹೇಗೂ ಕಾಣುವುದಿಲ್ಲ, ಸರ್ವಿಸ್ ರಸ್ತೆಯಲ್ಲಿ ನಿಧಾನಕ್ಕೆ ಹೋಗುವವರೇ ನಿಮ್ಮ ಗಿರಾಕಿಗಳು. ಅಲ್ಲಿ ಪರಿಚಯದ ಅಂಗಡಿಯವರ ಸ್ವಂತ ಗೋಡೆಯಲ್ಲಿ ಅವರ ಒಪ್ಪಿಗೆ ತೆಗೆದುಕೊಂಡು ಸಣ್ಣ ಬೋರ್ಡು ಹಾಕಬಹುದು. ಸ್ವಂತ ಜಾಗದ ಬೋರ್ಡಿಗೂ ಪಂಚಾಯತಿನಲ್ಲಿ ಒಂದು ಮಾತು ಕೇಳಿದರೆ ನಷ್ಟ ಇಲ್ಲ.

ಕನ್ನಡದಲ್ಲಿ ಬರೆಯಿಸಬೇಕಾ, ಮಲಯಾಳದಲ್ಲಾ?

ಎರಡರಲ್ಲೂ. ಮಂಜೇಶ್ವರ, ಪೈವಳಿಕೆ, ಎಣ್ಮಕಜೆ, ಬದಿಯಡ್ಕ ಕಡೆ ಕನ್ನಡ ಮೇಲೆ, ಮಲಯಾಳ ಕೆಳಗೆ. ಚೆರ್ಕಳ ದಾಟಿ ದಕ್ಷಿಣಕ್ಕೆ ಹೋದ ಹಾಗೆ ಅದನ್ನು ತಿರುಗಿಸಿ. ನೋಟೀಸು ಮಾಡಿಸುವುದಾದರೆ ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ. ಮಲಯಾಳವನ್ನು ಅದು ಚೆನ್ನಾಗಿ ಬರುವವರಿಂದಲೇ ಬರೆಯಿಸಿ, ತಪ್ಪು ಅಕ್ಷರದ ಬೋರ್ಡು ನೋಡಿದವರು ಕಾಗದಪತ್ರವೂ ಹೀಗೇ ಇರಬಹುದು ಅಂದುಕೊಳ್ಳುತ್ತಾರೆ. ಮಾತಿನಲ್ಲಿ ಮಾತ್ರ ತುಳುವೋ ಬ್ಯಾರಿಯೋ ಕೊಂಕಣಿಯೋ ಮರಾಠಿಯೋ, ಎದುರಿಗಿದ್ದವರದ್ದು ಯಾವುದೋ ಅದರಲ್ಲಿ ನಾಲ್ಕು ಮಾತು ಶುರು ಮಾಡಿ. ಇಲ್ಲಿ ಹುಟ್ಟಿ ಬೆಳೆದ ನಮಗೆ ಅದೇನೂ ಕಷ್ಟ ಇಲ್ಲ, ಮತ್ತೆ ಅದಕ್ಕೆ ದುಡ್ಡೂ ಇಲ್ಲ.

ಪೈಸೆ ಖರ್ಚಿಲ್ಲದೆ ಮಾಡುವಂಥದ್ದು ಏನಾದರೂ ಇದೆಯಾ?

ನೆರೆಕರೆ. ಒಂದು ಜಾಗ ನಿಮ್ಮ ಕೈಗೆ ಬಂದ ದಿನ ಮೊದಲು ಅದರ ಸುತ್ತ ಗಡಿ ಇರುವ ಮನೆಗಳಿಗೆಲ್ಲ ನಡೆದು ಹೋಗಿ ಬನ್ನಿ, ಧನಿಗಳ ಒಪ್ಪಿಗೆ ಇದ್ದರೆ. ಆ ಜಾಗಕ್ಕೆ ಬೇರೆ ಯಾರಿಗಿಂತ ಜಾಸ್ತಿ ಬೆಲೆ ಕೊಡಬಲ್ಲವರು ಹೆಚ್ಚಾಗಿ ಬೇಲಿಯ ಆಚೆ ಬದಿಯಲ್ಲೇ ಇರುತ್ತಾರೆ. ದಾರಿಯ ತಕರಾರು ಮುಗಿಯುತ್ತದೆ ಅಂತಲೋ, ತೋಟಕ್ಕೆ ನೀರು ಸಿಗುತ್ತದೆ ಅಂತಲೋ, ಮಗನಿಗೆ ಹತ್ತಿರದಲ್ಲೇ ಮನೆ ಕಟ್ಟಬಹುದು ಅಂತಲೋ ಅವರಿಗೆ ಒಂದು ಕಾರಣ ಇರುತ್ತದೆ. ಅವರು ಕೊಳ್ಳದಿದ್ದರೂ ತಮ್ಮ ಭಾವನಿಗೋ ಬೀಗರಿಗೋ ಹೇಳುತ್ತಾರೆ. ಇನ್ನೊಂದು ಲಾಭ: ಗಡಿ ತಕರಾರು, ದಾರಿ ತಕರಾರು ಏನಾದರೂ ಇದ್ದರೆ ಆ ಒಂದು ಸುತ್ತಿನಲ್ಲೇ ನಿಮಗೆ ತಿಳಿಯುತ್ತದೆ. ಕೊಳ್ಳುವವರನ್ನು ಕರೆದುಕೊಂಡು ಹೋದ ದಿನ ಪಕ್ಕದ ಮನೆಯವರು ಅಂಗಳಕ್ಕೆ ಬಂದು "ಇದಕ್ಕೆ ದಾರಿ ಎಲ್ಲಿದೆ?" ಅಂತ ಕೇಳಿದರೆ ವ್ಯವಹಾರ ಅಲ್ಲಿಗೇ ಮುಗಿಯಿತು.

ವ್ಯವಹಾರ ಆದ ಮೇಲೆ ಮತ್ತೊಮ್ಮೆ ಅದೇ ಮನೆಗಳಿಗೆ ಹೋಗಿ. "ಆ ಜಾಗ ಆಯಿತು, ಇಂಥ ಊರಿನವರು ಬರ್ತಾರೆ" ಅಂತ ಹೇಳಿ ಒಂದು ಕಾರ್ಡು ಕೊಟ್ಟು ಬನ್ನಿ. ಕೆಲಸ ಮುಗಿಸಿದವರು ಅಂತ ನೆನಪಿರುತ್ತದೆ.

ಯಾರ ಪರಿಚಯ ಇಟ್ಟುಕೊಂಡರೆ ಒಳ್ಳೆಯದು?

ಜಾಗ ಮಾರುವ ಯೋಚನೆ ಮನೆಯಿಂದ ಹೊರಗೆ ಬರುವಾಗ ಮೊದಲು ಕೇಳಿಸಿಕೊಳ್ಳುವ ಕೆಲವರು ಇರುತ್ತಾರೆ. ಆಧಾರ (ಜಾಗದ ಕ್ರಯಪತ್ರ) ಬರೆಯುವವರು, ಖಾಸಗಿ ಸರ್ವೆಯವರು, ಅಕ್ಷಯ ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಕೂತವರು. ತೀರ್ವೆ (ಭೂಕಂದಾಯ) ಕಟ್ಟಲು, ಕೈವಶ (ಸ್ವಾಧೀನ) ಸರ್ಟಿಫಿಕೇಟಿಗೆ ಅರ್ಜಿ ಹಾಕಲು ಜನ ಅಲ್ಲಿಗೇ ಬರುವುದು. ಕೊಳ್ಳುವವರ ಕಡೆಯಿಂದ ನೋಡಿದರೆ ಬಾವಿ ತೋಡುವವರು, ಜೆಸಿಬಿಯವರು, ಕೆಂಪುಕಲ್ಲಿನ ಕೋರೆಯವರು, ಮನೆ ಕಟ್ಟುವ ಮೇಸ್ತ್ರಿಗಳು. ತೋಟದ ವ್ಯವಹಾರ ಮಾಡುವವರಾದರೆ ಅಡಿಕೆ ಖರೀದಿಯ ಕಡೆ ಒಂದು ಕಣ್ಣಿರಲಿ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ಶಾಖೆಯ ಎದುರು ಅಡಿಕೆ ಚೀಲ ಇಳಿಸಿ ಕಾಯುತ್ತಾ ನಿಂತವರ ಮಾತಿನಲ್ಲಿ ಯಾರ ತೋಟಕ್ಕೆ ಹಳದಿ ರೋಗ ಬಂತು, ಯಾರ ಮಗ ಊರಿಗೆ ವಾಪಸ್ ಬರುತ್ತಾನೆ ಎಲ್ಲ ಬರುತ್ತದೆ.

ಇವರಿಗೆಲ್ಲ ಕಾರ್ಡು ಕೊಟ್ಟು ಬಂದರೆ ಸಾಲದು. ಅವರ ಕೆಲಸಕ್ಕೆ ನೀವೂ ಜನ ಕಳುಹಿಸಬೇಕು. ಜಾಗ ಕೊಂಡವರಿಗೆ ಬಾವಿಯವರ ನಂಬರ್ ಕೊಡಿ, ಮೇಸ್ತ್ರಿಯ ನಂಬರ್ ಕೊಡಿ. ಅವರೇ ಮುಂದೆ ನಿಮ್ಮ ಹೆಸರು ಹೇಳುತ್ತಾರೆ. ಕಮಿಷನ್‌ನಲ್ಲಿ ಪಾಲು ಕೊಡುವುದಾಗಿ ಒಪ್ಪಿದ್ದರೆ ವ್ಯವಹಾರ ಮುಗಿದ ದಿನವೇ ಕೊಟ್ಟುಬಿಡಿ. ಇದರಲ್ಲಿ ಎಳೆದಾಡಿದವರ ಹೆಸರು ಒಂದೇ ವಾರದಲ್ಲಿ ಉಪ್ಪಳದಿಂದ ಅಡೂರಿಗೆ ಮುಟ್ಟುತ್ತದೆ. ಸರಕಾರಿ ಕಚೇರಿಯವರಿಗೆ ಮಾತ್ರ ಪಾಲು ಗೀಲು ಅಂತ ಹೋಗಬೇಡಿ, ಅದು ಲಂಚ.

ರಿಕ್ಷಾ ಹಿಂದೆ ಸ್ಟಿಕ್ಕರ್ ಹಾಕಿಸಿದರೆ?

ಒಳ್ಳೆಯದೇ. ಆದರೆ ಸ್ಟಿಕ್ಕರ್‌ಗಿಂತ ಡ್ರೈವರಣ್ಣನೇ ದೊಡ್ಡ ಜಾಹೀರಾತು. ಹೊರಗಿನಿಂದ ಜಾಗ ನೋಡಲು ಬಂದವರು ರೈಲಿಳಿದು ಸ್ಟ್ಯಾಂಡಿನಲ್ಲಿ ವಿಚಾರಿಸುವುದು ಅವರನ್ನೇ. ನೀವು ಜನರನ್ನು ಜಾಗ ತೋರಿಸಲು ಕರೆದುಕೊಂಡು ಹೋಗುವಾಗ ಸ್ವಂತ ಕಾರಿದ್ದರೂ ಒಮ್ಮೊಮ್ಮೆ ಅದೇ ಸ್ಟ್ಯಾಂಡಿನ ರಿಕ್ಷಾ ಹಿಡಿಯಿರಿ. ಬಾಡಿಗೆಯಲ್ಲಿ ಚೌಕಾಸಿ ಮಾಡಬೇಡಿ.

ಪೇಪರಿನ ಒಳಗೆ ನೋಟೀಸು ಇಟ್ಟು ಹಂಚಿಸುವುದು?

ನೂರಕ್ಕೆ ತೊಂಬತ್ತು ಕಸದ ಬುಟ್ಟಿಗೆ. ಮಾಡುವುದಿದ್ದರೆ ಒಂದೇ ವಾರ್ಡಿಗೆ, ಒಂದೇ ಜಾಗದ ಬಗ್ಗೆ ಮಾಡಿ. "ನಿಮ್ಮ ಊರಿನಲ್ಲೇ 10 ಸೆಂಟ್ಸ್ ಇದೆ, ನೆಂಟರಿಗೆ ಯಾರಿಗಾದರೂ ಬೇಕಾದರೆ ತಿಳಿಸಿ" ಅನ್ನುವ ಕಾಗದವನ್ನು ಊರಿನವರು ಓದುತ್ತಾರೆ. ಇಡೀ ತಾಲೂಕಿಗೆ ಹಂಚಿದ ಬಣ್ಣದ ನೋಟೀಸು ಯಾರೂ ಓದುವುದಿಲ್ಲ.

ಪತ್ರಿಕೆಯ ವರ್ಗೀಕೃತ ಜಾಹೀರಾತು ದೊಡ್ಡ ತೋಟ, ಹಳೆಯ ಮನೆ ಇಂಥದ್ದಕ್ಕೆ ಇವತ್ತಿಗೂ ಪರವಾಗಿಲ್ಲ. ಕಾಸರಗೋಡು ಪುಟಕ್ಕಿಂತ ಮಂಗಳೂರು, ಪುತ್ತೂರು ಕಡೆಯ ಆವೃತ್ತಿಯಲ್ಲಿ ಹಾಕಿಸಿದರೆ ಆಚೆಯಿಂದ ಫೋನ್ ಬರುತ್ತದೆ. ಭಾನುವಾರ ಹಾಕಿಸಿ, ಆ ದಿನ ಫೋನ್ ಕೈಯಲ್ಲೇ ಇರಲಿ.

ಜಾತ್ರೆ, ಯಕ್ಷಗಾನ, ಉರೂಸ್, ಕಬಡ್ಡಿ ಪಂದ್ಯ ಇವಕ್ಕೆಲ್ಲ ದುಡ್ಡು ಕೊಟ್ಟರೆ ಹೆಸರು ಬರುತ್ತದಾ?

ಬರುತ್ತದೆ, ಆದರೆ ಎಲ್ಲಿ ಹಾಕುತ್ತೀರಿ ಅನ್ನುವುದರ ಮೇಲೆ. ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಮೂವತ್ತು ಜಾಹೀರಾತಿನ ಮಧ್ಯೆ ಬೆರಳುಗುರಿನಷ್ಟು ಜಾಗದಲ್ಲಿ ನಿಮ್ಮ ಹೆಸರು ಬಂದರೆ ಅದು ದೇಣಿಗೆ, ಜಾಹೀರಾತಲ್ಲ. ದೇಣಿಗೆ ಕೊಡಬಾರದು ಅಂತ ಹೇಳುತ್ತಿಲ್ಲ. ಲೆಕ್ಕ ಬೇರೆ ಇಡಿ ಅಷ್ಟೇ.

ಅದೇ ದುಡ್ಡಿನಲ್ಲಿ ಕೈಗೆ ಸಿಗುವಂಥದ್ದು ಏನಾದರೂ ಮಾಡಿ. ಬಯಲಾಟದ ರಾತ್ರಿ ಚಹಾ ಕೌಂಟರ್ ನಿಮ್ಮದು ಅಂತ ವಹಿಸಿಕೊಳ್ಳಿ. ಆಟ ನೋಡಲು ಬಂದವರು ನಡುರಾತ್ರಿ ಅಲ್ಲಿಗೆ ಬಂದೇ ಬರುತ್ತಾರೆ, ಹತ್ತು ನಿಮಿಷ ನಿಂತು ಮಾತಾಡುತ್ತಾರೆ. ಕ್ಲಬ್ಬಿನವರ ವಾಲಿಬಾಲ್ ಪಂದ್ಯಕ್ಕೆ ಸ್ಕೋರ್ ಬೋರ್ಡು ಮಾಡಿಸಿಕೊಡಿ, ಅದು ಮುಂದಿನ ವರ್ಷವೂ ಇರುತ್ತದೆ. ಉರೂಸಿಗೆ ಗಲ್ಫ್‌ನಲ್ಲಿರುವವರೂ ರಜೆ ಹೊಂದಿಸಿಕೊಂಡು ಬರುತ್ತಾರೆ, ಆ ದಿನಗಳಲ್ಲಿ ಊರಲ್ಲಿರಿ. ಮತ್ತೆ ಒಂದು ಮಾತು, ಒಂದೇ ಸಮುದಾಯದ ಕಾರ್ಯಕ್ರಮಕ್ಕೆ ಮಾತ್ರ ಕೊಟ್ಟರೆ ಉಳಿದವರು ಗಮನಿಸುತ್ತಾರೆ. ನಮ್ಮ ಊರು ಅಂಥದ್ದು, ವ್ಯಾಪಾರವೂ ಎಲ್ಲರ ಜೊತೆಗೇ.

ಮೈಕ್ ಕಟ್ಟಿ ಜೀಪಿನಲ್ಲಿ ಅನೌನ್ಸ್ ಮಾಡಿಸಿದರೆ?

ಬೇಡ. ಪೊಲೀಸ್ ಅನುಮತಿ ಬೇಕು, ಜನ ಬೈಯುತ್ತಾರೆ. ಜಾಗ ಯಾರೂ ಮೈಕ್ ಕೇಳಿ ಕೊಳ್ಳುವುದಿಲ್ಲ.

ಗಲ್ಫ್‌ನಲ್ಲಿರುವವರನ್ನು ತಲುಪುವುದು ಹೇಗೆ?

ಅಲ್ಲಿಯ ಶಾಲೆಗಳ ದೊಡ್ಡ ರಜೆ ಜುಲೈ, ಆಗಸ್ಟ್‌ನಲ್ಲಿ. ಕುಟುಂಬ ಸಮೇತ ಊರಿಗೆ ಬರುವುದು ಆಗಲೇ, ಇಲ್ಲದಿದ್ದರೆ ಪೆರ್ನಾಳ್ (ಈದ್) ಸಮಯಕ್ಕೆ. ಜುಲೈ, ಆಗಸ್ಟ್ ಅಂದರೆ ನಮಗೆ ಜಡಿಮಳೆಯ ಕಾಲ. ಅದಕ್ಕೇ ತಗಡಿನ ಬೋರ್ಡು ಅಂದದ್ದು. ಮೇ ತಿಂಗಳಲ್ಲೇ ಜಾಗದ ಪೊದೆ ಕಡಿಸಿ, ಬೋರ್ಡಿಗೆ ಬಣ್ಣ ಹೊಡೆಸಿ, ಜಾಗಕ್ಕೆ ನಡೆದು ಹೋಗುವ ದಾರಿ ಸರಿ ಮಾಡಿಸಿಡಿ. ಮಳೆಯಲ್ಲಿ ಜಾಗ ತೋರಿಸಲು ಹೆದರಬೇಡಿ. ನೀರು ನಿಲ್ಲುವುದಿಲ್ಲ ಅಂತ ಆ ದಿನ ಕಣ್ಣಾರೆ ಕಂಡವರಿಗೆ ನೀವು ಬಾಯಲ್ಲಿ ಏನೂ ಹೇಳಬೇಕಾಗಿಲ್ಲ.

ಅವರು ಊರಲ್ಲಿರುವುದು ಕೆಲವೇ ವಾರ, ಅದರಲ್ಲೂ ಅರ್ಧ ಮದುವೆ, ಆಸ್ಪತ್ರೆ ಅಂತ ಹೋಗುತ್ತದೆ. ಹಾಗಾಗಿ ನಿಮ್ಮ ಕಾರ್ಡು ಮೊದಲು ಮುಟ್ಟಬೇಕಾದದ್ದು ಇಲ್ಲೇ ಇರುವ ತಂದೆ, ಮಾವ, ಅಣ್ಣಂದಿರಿಗೆ. ಟ್ರಾವೆಲ್ಸ್ ಆಫೀಸು, ಮನಿ ಎಕ್ಸ್‌ಚೇಂಜ್, ಟೈಲ್ಸ್ ಅಂಗಡಿ ಇಲ್ಲೆಲ್ಲ ಕೌಂಟರಿನ ಮೇಲೆ ಕಾರ್ಡು ಇಡಲು ಕೇಳಿ ನೋಡಿ.

ಒಂದು ಎಚ್ಚರಿಕೆ. ಎನ್‌ಆರ್‌ಐಗಳು ರಿಸರ್ವ್ ಬ್ಯಾಂಕಿನ ವಿಶೇಷ ಅನುಮತಿ ಇಲ್ಲದೆ ಕೃಷಿ ಭೂಮಿ, ಪ್ಲಾಂಟೇಶನ್, ಫಾರ್ಮ್ ಹೌಸ್ ಖರೀದಿ ಮಾಡುವಂತಿಲ್ಲ. ಮನೆ, ಫ್ಲ್ಯಾಟ್, ಅಂಗಡಿ ಕಟ್ಟಡ ಕೊಳ್ಳಬಹುದು. ಹಿರಿಯರಿಂದ ಪಾಲಾಗಿ ಬಂದದ್ದಕ್ಕೂ ತೊಂದರೆ ಇಲ್ಲ. ಅಡಿಕೆ ತೋಟಕ್ಕೆ "ಗಲ್ಫ್‌ನವರಿಗೆ ಒಳ್ಳೆಯ ಅವಕಾಶ" ಅಂತ ನೋಟೀಸು ಮಾಡಿಸುವ ಮುಂಚೆ ಇದು ಗೊತ್ತಿರಲಿ.

ಜಾಹೀರಾತು ಹಾಕುವ ಮುಂಚೆ ಯಾವ ಕಾಗದ ನೋಡಬೇಕು?

ಆಧಾರ, ಹಿಂದಿನ ಆಧಾರ, ಈ ವರ್ಷದ ತೀರ್ವೆ ರಸೀದಿ, ಋಣಭಾರ ಪತ್ರ. ತೀರ್ವೆ ರಸೀದಿಯಲ್ಲಿ ಹೆಸರು ಮಾರುವವರದ್ದೇ ಇದೆಯಾ, ತಂಡಪೇರ್ ನಂಬರ್ (ವಿಲೇಜ್ ಆಫೀಸಿನ ಖಾತೆ ನಂಬರ್) ಸರಿ ಇದೆಯಾ ನೋಡಿ. ತೀರಿಹೋದ ತಂದೆಯ ಹೆಸರಲ್ಲೇ ಇದ್ದರೆ ವಾರಸುದಾರರೆಲ್ಲರ ಸಹಿ ಬೇಕಾಗುತ್ತದೆ, ಅದರಲ್ಲಿ ಒಬ್ಬರು ದುಬೈಯಲ್ಲಿದ್ದರೆ ಪವರ್ ಆಫ್ ಅಟಾರ್ನಿ ಆಗಬೇಕು, ಇದೆಲ್ಲ ಮುಗಿಯುವವರೆಗೆ ಬೋರ್ಡು ನಿಲ್ಲಿಸಿ ಪ್ರಯೋಜನ ಇಲ್ಲ.

ಜಾಗದ ತರ (ಗದ್ದೆಯೋ, ಒಣ ಜಾಗವೋ) ಯಾವುದು ಅನ್ನುವುದು ಅತಿ ಮುಖ್ಯ. ದಾಖಲೆಯಲ್ಲಿ "ನಿಲಂ" (ಗದ್ದೆ) ಅಂತ ಇದ್ದರೆ, ಅಥವಾ 2008ರ ಗದ್ದೆ ಸಂರಕ್ಷಣೆ ಕಾನೂನಿನ ಡಾಟಾ ಬ್ಯಾಂಕಿನಲ್ಲಿ (ಗದ್ದೆಗಳ ಪಟ್ಟಿಯಲ್ಲಿ) ಸೇರಿದ್ದರೆ, ಅಲ್ಲಿ ಸುಮ್ನೆ ಮಣ್ಣು ತುಂಬಿಸಿ ಮನೆ ಕಟ್ಟಲು ಆಗುವುದಿಲ್ಲ. ತೆಂಗು ಬೆಳೆದು ಇಪ್ಪತ್ತು ವರ್ಷ ಆಗಿದ್ದರೂ ಕಾಗದದಲ್ಲಿ ಗದ್ದೆಯಾಗಿಯೇ ಉಳಿದ ಜಾಗ ಬೈಲು ಕಡೆ ಬೇಕಾದಷ್ಟಿದೆ. ವಿಲೇಜ್ ಆಫೀಸ್, ಕೃಷಿ ಭವನದಲ್ಲಿ ವಿಚಾರಿಸದೆ "ಮನೆ ಕಟ್ಟಲು ಸೂಕ್ತ" ಅಂತ ಬರೆಯಿಸಬೇಡಿ.

ಇದೆಲ್ಲ ನೋಡಿಯಾದ ಮೇಲೆ ಒಂದು ಪುಟದ ಮಾಹಿತಿ ಹಾಳೆ ಮಾಡಿ ಜೆರಾಕ್ಸ್ ತೆಗೆದಿಡಿ. ವಿಸ್ತೀರ್ಣ, ದಾರಿಯ ಅಗಲ, ನೀರು, ಕರೆಂಟ್, ಬಸ್ಸು ಎಲ್ಲಿ ಸಿಗುತ್ತದೆ, ಶಾಲೆ ಎಷ್ಟು ದೂರ, ಕೈಯಲ್ಲಿ ಬಿಡಿಸಿದ ನಕ್ಷೆ. ಜಾಗ ನೋಡಿ ಹೋದವರು ಮನೆಯಲ್ಲಿ ಹೆಂಡತಿಗೆ, ತಂದೆಗೆ ತೋರಿಸುವುದು ಅದನ್ನೇ. ಬಣ್ಣದ ಬ್ರೋಷರ್‌ಗಿಂತ ಆ ಜೆರಾಕ್ಸ್ ಹಾಳೆಗೆ ನನ್ನ ಓಟು.

ಕರ್ನಾಟಕದವರು ಬಂದರೆ ಏನು ಬೇರೆ ಹೇಳಬೇಕು?

ಮಂಗಳೂರಿನವರಿಗೆ ಸೆಂಟ್ಸ್ ಲೆಕ್ಕ ಗೊತ್ತು. ಬೆಂಗಳೂರಿನವರಿಗೆ ಚದರ ಅಡಿಯಲ್ಲಿ ಹೇಳಬೇಕು: ಒಂದು ಸೆಂಟ್ 435.6 ಚದರ ಅಡಿ, ಅವರ 30 x 40 ಸೈಟ್ ಅಂದರೆ ಹೆಚ್ಚು ಕಡಿಮೆ ಎರಡೂ ಮುಕ್ಕಾಲು ಸೆಂಟ್ಸ್. ಹತ್ತು ಸೆಂಟ್ಸ್ ಅಂದಾಗ ಅವರ ಮುಖ ಅರಳುವುದು ನೋಡಬೇಕು. ಆಧಾರದಲ್ಲಿ ಆರ್ ಲೆಕ್ಕ ಇರುತ್ತದೆ, ಒಂದು ಆರ್‌ಗೆ 2.47 ಸೆಂಟ್ಸ್. ಮಾಹಿತಿ ಹಾಳೆಯಲ್ಲಿ ಮೂರನ್ನೂ ಬರೆದುಬಿಡಿ.

ಖರ್ಚಿನ ವಿಷಯ ಮೊದಲೇ ಹೇಳಿ. ಕೇರಳದಲ್ಲಿ ಸ್ಟಾಂಪ್ ಡ್ಯೂಟಿ ಶೇ. 8, ನೋಂದಣಿ ಶುಲ್ಕ ಶೇ. 2. ಒಟ್ಟು ಶೇ. 10 ಅಂತ ಕೊನೆಗೆ ಗೊತ್ತಾದರೆ ಅವರು ನಿಮ್ಮನ್ನೇ ಸಂಶಯದಿಂದ ನೋಡುತ್ತಾರೆ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾನೂನು) ನಮಗೂ ಅನ್ವಯ ಆಗುತ್ತದಾ?

ಒಬ್ಬರ ಹಿತ್ತಿಲು ಇನ್ನೊಬ್ಬರಿಗೆ ಕೊಡಿಸುವ ಬಿಡಿ ವ್ಯವಹಾರ ಬೇರೆ. ಆದರೆ ಒಂದು ಎಕರೆ ತೆಗೆದುಕೊಂಡು ಪ್ಲಾಟ್ ಮಾಡಿ ಮಾರುವುದು, ಫ್ಲ್ಯಾಟ್ ಕಟ್ಟಿ ಮಾರುವುದು ಪ್ರಾಜೆಕ್ಟ್ ಆಗುತ್ತದೆ. ಜಾಗ 500 ಚದರ ಮೀಟರ್, ಅಂದರೆ 12 ಸೆಂಟ್ಸ್ ಚಿಲ್ಲರೆ ದಾಟಿದರೆ, ಫ್ಲ್ಯಾಟ್ ಆದರೆ ಎಂಟಕ್ಕಿಂತ ಜಾಸ್ತಿ ಇದ್ದರೆ, 2016ರ ಕಾನೂನಿನ ಪ್ರಕಾರ ಪ್ರಾಜೆಕ್ಟ್ ನೋಂದಣಿ ಆಗುವ ಮುಂಚೆ ಜಾಹೀರಾತನ್ನೇ ಕೊಡುವಂತಿಲ್ಲ. ಅಂಥ ಪ್ರಾಜೆಕ್ಟ್ ಮಾರಿಸಿಕೊಡುವ ಏಜೆಂಟರೂ ನೋಂದಣಿ ಮಾಡಿಸಿಕೊಂಡಿರಬೇಕು. ಇಲ್ಲದಿದ್ದರೆ ದಿನಕ್ಕೆ 10,000 ರೂಪಾಯಿಯಂತೆ ದಂಡ ಏರುತ್ತದೆ. ಸಣ್ಣ ಕೈನೋಟೀಸೂ ಜಾಹೀರಾತೇ. ಪ್ರಾಜೆಕ್ಟಿನವರು "ನೋಂದಣಿ ಆಗ್ತಾ ಇದೆ, ನೀವು ಹಂಚಿ" ಅಂದರೆ ನಂಬರ್ ಬರಲಿ ಅಂತ ಹೇಳಿ ಕಾಯಿರಿ.

ಯಾವುದರಿಂದ ಗಿರಾಕಿ ಬಂದರು ಅಂತ ತಿಳಿಯುವುದು ಹೇಗೆ?

ಫೋನ್ ಮಾಡಿದವರನ್ನು ಕೇಳಿ, ಪುಸ್ತಕದಲ್ಲಿ ಬರೆಯಿರಿ. "ನಂಬರ್ ಎಲ್ಲಿ ಸಿಕ್ಕಿತು?" ಬೋರ್ಡಾ, ರಿಕ್ಷಾದವರಾ, ಪೇಪರಾ, ಇಂಥವರು ಹೇಳಿದರಾ. ಕೊಳ್ಳುವವರಿಗೆ ಒಂದು ಪುಟ, ಮಾರುವವರಿಗೆ ಇನ್ನೊಂದು ಪುಟ, ಎರಡನ್ನೂ ಬೆರೆಸಬೇಡಿ. ಬೋರ್ಡು ನೋಡಿ ಫೋನ್ ಮಾಡಿದವರಲ್ಲಿ "ನಮ್ಮದೂ ಒಂದು ಜಾಗ ಇದೆ, ಮಾರಬಹುದಾ?" ಅಂತ ಕೇಳುವವರು ಬರಲು ಶುರುವಾದರೆ ಆ ರಸ್ತೆಯಲ್ಲಿ ಇನ್ನೊಂದು ಬೋರ್ಡಿಗೆ ಖರ್ಚು ಮಾಡಬಹುದು. ಒಂದು ವರ್ಷ ಆದರೂ ಯಾರೂ ಹೆಸರೆತ್ತದ ಜಾಹೀರಾತನ್ನು, ಅದು ಎಷ್ಟೇ ಅಗ್ಗ ಇರಲಿ, ನಿಲ್ಲಿಸಿ.